ಕೊಕ್ಕಿನ ಹೊಳಪು

ಇಲ್ಲ ಎಂದು ಹೇಳಿಬಿಟ್ಟಿದ್ದಳು. ಆ ಎರಡಕ್ಷರ ಬಾಯಿಂದ ಉದುರಿ ಆಗಲೇ ಎರಡು ಗಂಟೆ ಕಳೆದಿತ್ತು. ಹಲ್ಲಿನ ಲ್ಯಾಬಿನ ಉತ್ತರದ ಕಿಟಕಿಯ ಪಕ್ಕ, ಎಂದಿನ ಎತ್ತರದ ಸ್ಟೂಲಿನ ಮೇಲೆ ಕೂತು, ಯಾರದೋ ಬಾಯಿಗೆ ಹೋಗಬೇಕಾದ ನಾಲ್ಕು ಪಿಂಗಾಣಿ ಹಲ್ಲುಗಳನ್ನು ಬೆಳಕಿಗೆ ಹಿಡಿದಿದ್ದಳು ನಿಜ. ಆದರೆ ಕೆಲಸ ಕೈಗೆ ಮಾತ್ರ ನೆನಪಿತ್ತು, ಮನಸ್ಸು ಇನ್ನೂ ಪ್ರಾಣಿಗಳ ಆಸ್ಪತ್ರೆಯ ಸ್ಟೀಲು ಮೇಜಿನ ಮುಂದೆಯೇ ನಿಂತಿತ್ತು. ಮೇಜಿನ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಹಕ್ಕಿ. ಡಾಕ್ಟರಮ್ಮ ಅದನ್ನು ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕಾಗಿ ಹಿಡಿದು, ಸಣ್ಣ ಟಾರ್ಚಿನ ಬೆಳಕು ಬಿಟ್ಟು, ತಲೆಯೆತ್ತದೆಯೇ ಕೇಳಿದ್ದರು: "ಈ ಕೊಕ್ಕನ್ನ ಯಾರಾದ್ರೂ ಕತ್ತರಿಸಿದ್ದಾರಾ, ಉಜ್ಜಿದ್ದಾರಾ?" ಹೊರಗೆ ಬಿಸಿಲಿದೆಯಾ ಎಂದು ವಿಚಾರಿಸುವಷ್ಟೇ ಸಹಜವಾಗಿ. ಅಷ್ಟೇ ಸಹಜವಾಗಿ ಅವಳೂ ಇಲ್ಲ ಎಂದಳು. ಕತ್ತೆತ್ತಿ ಮುಖ ನೋಡಿ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಡಾಕ್ಟರಮ್ಮ, ಕೊಕ್ಕೇನೋ ನುಣ್ಣಗಿದೆ ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡು ಕಾರ್ಡಿನಲ್ಲಿ ಬರೆದುಕೊಂಡರು. ತಲೆಕೆಳಗಾಗಿ ಕಂಡರೂ ಅವಳಿಗೆ ಓದಲು ಬಂತು. ಕೊಕ್ಕು: ಸರಿ. ಆ ಸರಿ ಎಂಬ ಮಾತಿನ ಮುಂದೆ ಒಂದು ದಪ್ಪ ಚುಕ್ಕೆ. ಆಮೇಲೆ ಕೇಳಿದ್ದೆಲ್ಲ ಆ ಚುಕ್ಕೆಯ ಆಚೆಗಿನಿಂದ ಕೇಳಿದಂತಿತ್ತು: ತೂಕ ಬಹಳ ಇಳಿದಿದೆ, ಎರಡು ದಿನದಿಂದ ತಿನ್ನುತ್ತಿಲ್ಲ ಅಂತೀರಿ, ಗಂಟಲ ಕೆಳಗೆ ಕಾಳು ನಿಲ್ಲುವ ಚೀಲದಲ್ಲಿ ಸೋಂಕು ಇರಬಹುದು, ಅದಕ್ಕೇ ಔಷಧಿ ಶುರು ಮಾಡ್ತೀನಿ, ಸಂಜೆವರೆಗೂ ಇಲ್ಲೇ ಇರಲಿ.

ಅದು ಅವಳ ಹಕ್ಕಿಯಲ್ಲ, ಅಕ್ಕನದು. ಮೈಯೆಲ್ಲ ಕೆನೆಬಿಳುಪು, ತಲೆ ಹಳದಿ, ಎರಡು ಕೆನ್ನೆಗೂ ಯಾರೋ ಅವಸರದಲ್ಲಿ ಬೆರಳೊತ್ತಿ ಹಚ್ಚಿದ ಹಾಗೆ ಕಿತ್ತಳೆ ಬಣ್ಣದ ಬಟ್ಟು, ನೆತ್ತಿಯ ಮೇಲೆ ಸಿಟ್ಟು ಸಂತೋಷ ಎರಡಕ್ಕೂ ಎದ್ದು ನಿಲ್ಲುವ ಜುಟ್ಟು. ಕಾಕಟೀಲ್ ಎಂದು ಅಂಗಡಿಯವನು ಹೇಳಿ ಕೊಟ್ಟಿದ್ದನಂತೆ; ಅಕ್ಕ ಆ ದಿನವೇ ಅದಕ್ಕೆ ಜುಟ್ಟಯ್ಯ ಎಂದು ಹೆಸರಿಟ್ಟಿದ್ದಳು. ಆರು ವರ್ಷದಲ್ಲಿ ಅಕ್ಕನ ಮೂರು ಬಸಿರು ನಿಲ್ಲಲಿಲ್ಲ, ಜುಟ್ಟಯ್ಯ ನಿಂತ. ನಾಲ್ಕನೆಯದು ನಿಲ್ಲಬೇಕಾದರೆ ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಆಘಾತ ತಾಗಬಾರದು, ಹಕ್ಕಿಯ ರೆಕ್ಕೆಯ ಧೂಳು ಉಸಿರಿಗೆ ಹೋಗಬಾರದು ಎಂದು ಅವಳ ಡಾಕ್ಟರು ಒಂದೇ ಉಸಿರಿನಲ್ಲಿ ಮೂರು ಹೇಳಿದಾಗ, ಅಕ್ಕ ಎರಡು ಗಂಟೆ ದೂರದ ಅತ್ತೆಮನೆಗೆ ಹೋಗಿ ಮಲಗಿದಳು. ಪಂಜರ ತಂಗಿಯ ಬಾಡಿಗೆ ಕೋಣೆಗೆ ಬಂತು. ಪಂಜರದ ಜೊತೆ ಅಕ್ಕನ ಕೈಬರಹದ ಒಂದು ಚೀಟಿಯೂ ಬಂತು. ಸಣ್ಣ ಕಾಳು ಎರಡು ಚಮಚ, ಸೊಪ್ಪು ತೊಳೆದು ಒರೆಸಿ, ನೀರು ಎರಡು ಹೊತ್ತು ಬದಲಾಯಿಸು, ಸೂರ್ಯಕಾಂತಿ ಬೀಜ ದಿನಕ್ಕೆ ಎರಡೇ ಎರಡು. 'ಎರಡು' ಎಂಬುದರ ಕೆಳಗೆ ಎರಡು ಗೆರೆ. ಅದು ಕೇಳುತ್ತೆ, ನೀನು ಕರಗಬೇಡ. ಮೊದಲ ವಾರ ಜುಟ್ಟಯ್ಯ ಅಕ್ಕನಿಗಾಗಿ ಬಾಗಿಲ ಕಡೆಗೇ ಮುಖ ಮಾಡಿ ಕೂತು ಉಪವಾಸ ಮಾಡಿದ. ಅವಳು ಕರಗಿದಳು. ಎರಡು ನಾಲ್ಕಾಯಿತು, ನಾಲ್ಕು ಹಿಡಿಯಾಯಿತು. ಬೀಜ ಒಡೆಯುವ ಚಿಟಿಚಿಟಿ ಸದ್ದಿಗೆ ಅವಳಿಗೆ ಬೆಳಿಗ್ಗೆ ಎಚ್ಚರವಾಗುತ್ತಿತ್ತು; ಆ ಸದ್ದು ಕೇಳಿದರೆ ಸಾಕು, ಅಕ್ಕನ ಹೊಟ್ಟೆಯಲ್ಲಿರುವುದಕ್ಕೂ ಎಲ್ಲ ಸರಿಯಿದೆ ಅನ್ನಿಸುತ್ತಿತ್ತು. ಯಾಕೆ ಹಾಗನ್ನಿಸುತ್ತಿತ್ತೋ ಅವಳು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ಹೆಂಗಸು ಹೇಳಿಕೊಳ್ಳುವ ಮಾತೂ ಅಲ್ಲ ಅದು.

ಅದು ಅಜ್ಜಿಯ ಕಥೆಯಿಂದ ಬಂದದ್ದು. ಏಳು ಸಮುದ್ರದಾಚೆ, ಏಳು ಬಾಗಿಲ ಹಿಂದೆ, ಒಂದು ಗಿಣಿಯ ಕೊರಳಲ್ಲಿ ರಾಕ್ಷಸನ ಪ್ರಾಣ. ಒಂದೇ ಕಂಬಳಿಯೊಳಗೆ ಅಜ್ಜಿಯ ಆ ಕಡೆಗೊಬ್ಬಳು ಈ ಕಡೆಗೊಬ್ಬಳು ಮಲಗಿ ಕೇಳುತ್ತಿದ್ದರು. ರಾಕ್ಷಸ ಎಷ್ಟೇ ಕೆಟ್ಟವನಾಗಿರಲಿ, ರಾಜಕುಮಾರ ಏಳನೆಯ ಬಾಗಿಲು ತೆರೆಯುವ ಹೊತ್ತಿಗೆ ಅಕ್ಕ ಎರಡು ಕಿವಿಗೂ ಬೆರಳು ತುರುಕಿಕೊಳ್ಳುತ್ತಿದ್ದಳು. ಕೊನೆ ಅವಳಿಗೆ ಬೇಡ. ಬೆಳಿಗ್ಗೆ ಹಲ್ಲುಜ್ಜುತ್ತ, ಏನೂ ಆಗದವಳ ಹಾಗೆ, ಗಿಣಿ ಏನಾಯ್ತೇ ಎಂದು ತಂಗಿಯನ್ನು ಕೇಳುವಳು. ಕೊರಳು ತಿರುಚಿದ್ದನ್ನು ಕಿವಿಯಾರೆ ಕೇಳಿದ್ದ ತಂಗಿ, ಏಳು ವರ್ಷದವಳು, ಹಾರಿಹೋಯ್ತು ಎನ್ನುವಳು. ಅಕ್ಕ ಬಾಯಲ್ಲಿದ್ದ ನೀರು ಉಗುಳಿ ನಗುವಳು. ಒಂದು ಸಲ ಇವಳು ಅಜ್ಜಿಯನ್ನೇ ಕೇಳಿದ್ದಳು, ತನ್ನೊಳಗೆ ಇನ್ನೊಬ್ಬರ ಪ್ರಾಣ ಇದೆ ಅಂತ ಗಿಣಿಗೆ ಗೊತ್ತಿತ್ತಾ ಅಂತ. ಅಜ್ಜಿ ಬೊಚ್ಚುಬಾಯಿ ಆಡಿಸುತ್ತ, "ಅದಕ್ಕೇನು ಗೊತ್ತು ಪಾಪ. ಅದಕ್ಕೆ ಅದರ ಹಸಿವು ಗೊತ್ತು" ಎಂದಿದ್ದಳು.

ಕಲೆಯನ್ನು ಮೊದಲು ನೋಡಿದ್ದು ಎಂಟು ಗುರುವಾರಗಳ ಹಿಂದೆ. ಗುರುವಾರವೆಂದರೆ ಅಕ್ಕನ ಬಸಿರಿಗೆ ಇನ್ನೊಂದು ವಾರ ತುಂಬುವ ದಿನ. ಆ ದಿನ ಜುಟ್ಟಯ್ಯನ ಒಂದು ಫೋಟೋ ಕಳಿಸಬೇಕು, ಅದನ್ನು ನೋಡಿಯೇ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುವುದು, ಇದು ಇಬ್ಬರ ನಡುವಿನ ಒಪ್ಪಂದ. ಫೋಟೋಗೆಂದು ಪಂಜರವನ್ನು ಕಿಟಕಿಗೆ ತಂದಾಗ, ಕೊಕ್ಕಿನ ಬುಡದಲ್ಲಿ, ಮೂಗಿನ ತೂತಿನ ಕೆಳಗೆ, ಬಸಿಯಲ್ಲಿ ಒಣಗಿದ ಚಹಾದಂಥ ಒಂದು ಕಂದು. ಅವಳ ಕಣ್ಣು ತನ್ನ ಪಾಡಿಗೆ ತಾನು ಲೆಕ್ಕ ಹಾಕಿತು. ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸಲು ಹದಿನಾರು ಮಾದರಿ ಹಲ್ಲುಗಳ ಪಟ್ಟಿಯೊಂದಿದೆ. ಹದಿನಾರರಲ್ಲಿ ಜುಟ್ಟಯ್ಯನ ಕೊಕ್ಕು ಎರಡನೆಯದು, ಬಂದ ದಿನವೇ ಅವಳು ತಮಾಷೆಗೆ ಹಿಡಿದು ನೋಡಿದ್ದಳು. ಈಗ ಬುಡ ನಾಲ್ಕನೆಯದನ್ನು ದಾಟಿತ್ತು. ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರು, ಈಗ ಇಲ್ಲ, ಹೇಳುತ್ತಿದ್ದುದು ಒಂದೇ: ಐದು ಎಣಿಸುವುದರೊಳಗೆ ಬಣ್ಣ ಹೇಳಿಬಿಡಬೇಕು, ಆಮೇಲೆ ಕಣ್ಣು ತಿರುಗಿಸಿ ಏನಾದರೂ ನೀಲಿ ನೋಡಬೇಕು, ದಿಟ್ಟಿಸುತ್ತ ಕೂತರೆ ಕಣ್ಣು ಎದುರಿನ ಬಣ್ಣಕ್ಕೆ ಒಪ್ಪಿಕೊಂಡುಬಿಡುತ್ತದೆ. ಮೊದಲ ನೋಟ ನಿಜ ಕಣಮ್ಮ, ಎರಡನೇದು ದಾಕ್ಷಿಣ್ಯ. ಆ ಗುರುವಾರ ಅವಳು ಎರಡನೆಯ ಸಲ ನೋಡಿದಳು, ಮೂರನೆಯ ಸಲ ನೋಡಿದಳು. ಸೊಪ್ಪಿನ ರಸ ಇರಬಹುದು. ಪಂಜರದ ಕಂಬಿಗೆ ತಾಗಿದ ಪೆಟ್ಟಿರಬಹುದು. ವಯಸ್ಸಿರಬಹುದು, ಮನುಷ್ಯರ ಹಲ್ಲು ಮಾಸುವುದಿಲ್ಲವೇ? ಹತ್ತನೆಯ ಸಲ ನೋಡುವ ಹೊತ್ತಿಗೆ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಆದರೆ ಫೋಟೋದಲ್ಲಿ ಸರಿಯಾಗಿ ಕಾಣಲಿಲ್ಲ. ಫೋಟೋಗೆ ದಾಕ್ಷಿಣ್ಯವಿಲ್ಲ. ಮನಸ್ಸಿಗೆ ಆಘಾತ ತಾಗಬಾರದು.

ಲ್ಯಾಬಿನವರು ಹಳೆಯದೆಂದು ಬಿಸಾಕಿದ್ದ ಒಂದು ಕೈಮೆಷಿನ್ನು ಅವಳ ಕೋಣೆಯಲ್ಲಿತ್ತು, ಪೆನ್ನಿನಷ್ಟು ಗಾತ್ರದ್ದು, ತುದಿಯಲ್ಲಿ ಮೆತ್ತನೆಯ ರಬ್ಬರ್ ಚಕ್ರ. ಪಿಂಗಾಣಿಗೆ ಹೊಳಪು ಕೊಡುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಮೊದಲ ಸಲ ಜುಟ್ಟಯ್ಯ ಟವೆಲ್ಲಿನೊಳಗೆ ಕುಸ್ತಿಗೆ ಬಿದ್ದ, ಹೆಬ್ಬೆರಳು ಕಚ್ಚಿ ರಕ್ತ ಬರಿಸಿದ, ಮನೆ ಹಾರಿಹೋಗುವಂತೆ ಕಿರುಚಿದ. ಪಕ್ಕದ ಕೋಣೆಯ ಟೀಚರ್ ಬಾಗಿಲು ಬಡಿದು, ಏನಮ್ಮ ಹಕ್ಕಿಗೆ ಸ್ನಾನ ಮಾಡಿಸ್ತಿದೀಯೋ ಹಜಾಮತಿ ಮಾಡಿಸ್ತಿದೀಯೋ ಎಂದು ಕೇಳಿ ಹೋದಳು. ಮೇಲಿನ ಪದರ ಹಿಟ್ಟಿನಂತೆ ಉದುರಿತು, ಕಂದು ತಿಳಿಯಾಯಿತು, ಕೊಕ್ಕು ಎರಡನೆಯ ಬಣ್ಣಕ್ಕೆ ಮರಳಿತು. ಅಕ್ಕನಿಂದ ಆ ದಿನ ಬಂದ ಉತ್ತರ: ಏನೇ ಇದು, ಮದುಮಗನ ಹಾಗೆ ಹೊಳೀತಿದ್ದಾನೆ. ಅವಳು ಅದನ್ನು ಮೆಚ್ಚುಗೆಯೆಂದು ತೆಗೆದುಕೊಂಡಳು. ಎರಡು ವಾರಕ್ಕೆ ಕಂದು ಮತ್ತೆ ಬಂತು, ಈ ಸಲ ಜೊತೆಗೊಂದು ಕಪ್ಪನ್ನೂ ಕರೆತಂದಿತ್ತು. ಕೊಕ್ಕಿನ ತುದಿಯೂ ಯಾಕೋ ಬೇಗ ಬೇಗ ಬೆಳೆದು ಕೆಳಗಿನದರ ಮೇಲೆ ಬಾಗುತ್ತಿತ್ತು. ತುದಿಯನ್ನೂ ತೇಯ್ದಳು. ಮೂರನೆಯ ಸಲ ಜುಟ್ಟಯ್ಯ ಕಚ್ಚಲಿಲ್ಲ. ನಾಲ್ಕನೆಯ ಸಲ ಟವೆಲ್ಲೇ ಬೇಕಾಗಲಿಲ್ಲ. ಅಂಗೈಯಲ್ಲಿ ಕಣ್ಣು ಅರೆಮುಚ್ಚಿ, ಜುಟ್ಟು ಮಲಗಿಸಿ, ಕೂಸಿನ ಹಾಗೆ ಒಪ್ಪಿಸಿಕೊಂಡು ಕೂತಿದ್ದ.  ಕೊನೆಗೂ ನನ್ನನ್ನು ನಂಬಿದ ಎಂದುಕೊಂಡಿದ್ದಳು. ಆ ವಾರಗಳಲ್ಲೇ ಅಕ್ಕನ ಉತ್ತರಗಳು ಗಿಡ್ಡವಾಗುತ್ತ ಬಂದು ಬರೀ ಸರಿ ಎಂಬಲ್ಲಿಗೆ ನಿಂತಿದ್ದವು. ಪಾಪ ಮಲಗಿ ಮಲಗಿ ಸಾಕಾಗಿರಬೇಕು ಅಂದುಕೊಂಡಿದ್ದಳು.

"ಇದನ್ನ ಯಾರಮ್ಮ ಪಾಲಿಶ್ ಮಾಡಿದ್ದು?" ಎಂದು ಲ್ಯಾಬಿನ ಯಜಮಾನರು ಹಿಂದಿನಿಂದ ಕೇಳಿದಾಗ ಅವಳ ಕೈಯಲ್ಲಿದ್ದ ನಾಲ್ಕು ಹಲ್ಲು ನೆಲಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ತನ್ನ ಹೆಬ್ಬೆರಳ ಹಳೆಯ ಗಾಯವನ್ನು ಮುಚ್ಚಿಕೊಂಡಳು. ಅವರು ಕೇಳಿದ್ದು ಬೇರೆ ಹಲ್ಲಿನ ವಿಷಯ. ಅವರ ಪಕ್ಕದಲ್ಲಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದ ಒಬ್ಬ ಮುದುಕ ಟೈಲರ್ ನಿಂತಿದ್ದರು. ಮುಂದಿನ ಎರಡು ಹಲ್ಲು, ಇನ್ನೂ ಅಂಟಿಸದೆ ತೆಗೆದು ಹಾಕುವಂತೆ ಕೂರಿಸಿದ್ದು, ಇದೇ ಲ್ಯಾಬಿನದು, ಎರಡನೆಯ ಸಲ ವಾಪಸಾಗಿತ್ತು. ಅವರ ದಂತವೈದ್ಯರು ಬೇಸತ್ತು, ನೀವೇ ಹೋಗಿ ಅವರಿಗೆ ಹೇಳಿ ಎಂದು ಕಳಿಸಿದ್ದರಂತೆ. ವೈದ್ಯರ ಚೀಟಿಯಲ್ಲಿ ಮೊದಲಿನಿಂದಲೂ ಸ್ಪಷ್ಟವಾಗಿತ್ತು: ಎಡ ಮುಂಹಲ್ಲಿನ ಅಂಚಿನಲ್ಲಿ ಒಂದು ಕಚ್ಚು, ಕಚ್ಚಿನ ಪಕ್ಕ ಕಂದು ಗೆರೆ. ಇಷ್ಟು ವಯಸ್ಸಾದವರಿಗೆ ಹೊಸ ಹಲ್ಲು ಕೊಡುವಾಗ ಹಳೆಯ ಕೊರೆ ಯಾಕೆ ಎಂದು ಅವಳೇ ಎರಡು ಸಲವೂ ಅವನ್ನು ಕೈಬಿಟ್ಟು, ಬಣ್ಣವನ್ನೂ ಒಂದು ಮೆಟ್ಟಿಲು ಬಿಳಿಗೆ ಏರಿಸಿ, ಚೆನ್ನಾಗಿ ಹೊಳಪು ಕೊಟ್ಟು ಕಳಿಸಿದ್ದಳು. ಯಜಮಾನರು, ನಿನ್ನ ಸೌಂದರ್ಯಜ್ಞಾನ ಯಾರು ಕೇಳಿದ್ರಮ್ಮ, ಚೀಟಿ ಓದೋಕೆ ಬರಲ್ವಾ ಎಂದರು, ಎಲ್ಲರಿಗೂ ಕೇಳುವಂತೆ. ಅಚ್ಚು ಹೊಯ್ಯುವ ಇಬ್ಬರು ತಲೆ ತಗ್ಗಿಸಿಕೊಂಡರು, ನಗು ಮುಚ್ಚಲಿಕ್ಕೆ.

ಟೈಲರಿಗೇ ಅವಳ ಮೇಲೆ ಕನಿಕರ ಬಂತು. ಬೈಬೇಡಿ ಸ್ವಾಮಿ, ಹಲ್ಲೇನೋ ಮುತ್ತಿನ ಹಾಗಿದೆ, ನನ್ನದಲ್ಲ ಅಷ್ಟೇ ಎಂದರು. ಮನೆಯಾಕೆ ದಿನಾ ಹಂಗಿಸುತ್ತಾಳಂತೆ, ಯಾರ ಹಲ್ಲು ಹಾಕ್ಕೊಂಡು ಬಂದ್ರಿ, ಅವರು ಹುಡುಕ್ತಿರ್ತಾರೆ, ಕೊಟ್ಟು ಬನ್ನಿ ಅಂತ. ಅವರೇ ನಕ್ಕರು, ನಕ್ಕಾಗ ಅವಳು ಮಾಡಿದ್ದ ಹಲ್ಲು ಆ ಮುಖದ ನಡುವೆ ಬಾಡಿಗೆಗೆ ಬಂದವರಂತೆ ಕಂಡಿತು. ಆಮೇಲೆ ಜೇಬಿನಿಂದ ಒಂದು ನೂಲಿನ ಉಂಡೆ ತೆಗೆದು, ಎಳೆ ಎಳೆದು, ಹಲ್ಲಿಗೆ ಕೊಟ್ಟು ತೋರಿಸಿದರು. ಜಾರಿತು. ಇನ್ನೊಂದು ಸಲ ಕೊಟ್ಟರು, ಜಾರಿತು. "ನೋಡಿದ್ಯಾ ತಾಯಿ? ನಲವತ್ತು ವರ್ಷ ದಾರ ಕಡಿದು ಕಡಿದು ಅಲ್ಲೊಂದು ಮನೆ ಆಗಿತ್ತು. ಅದನ್ನ ನೀನು ಮುಚ್ಚಿಬಿಟ್ಟೆ." ದೂರು ಹೇಳಿದ ಧ್ವನಿಯಲ್ಲ, ಇದ್ದದ್ದನ್ನು ಹೇಳಿದ್ದು.

ಅವರನ್ನು ಕಿಟಕಿಯ ಬಳಿ ಕೂರಿಸಿ ಅವಳು ಕೆಲಸ ಶುರುಮಾಡಿದಳು. ಸಣ್ಣ ಕುಂಚದ ತುದಿಯಲ್ಲಿ ಕಂದು ತೆಗೆದುಕೊಂಡು ಹಲ್ಲಿನ ಮೇಲೆ ಗೆರೆ ಎಳೆದಳು, ತಪ್ಪಿತು, ಒರೆಸಿದಳು, ಮತ್ತೆ ಎಳೆದಳು. ಸೂಜಿಯಷ್ಟು ತೆಳ್ಳಗೆ, ಬುಡದಲ್ಲಿ ಕಪ್ಪು ತುಸು ಹೆಚ್ಚು, ಅಂಚಿಗೆ ಬರುತ್ತ ಚಹಾದಷ್ಟು ತಿಳಿ. ತಾನು ಇಷ್ಟು ನಿಜವಾದ ಕಲೆಯನ್ನು ಬರೆಯಬಲ್ಲೆ ಎಂಬುದು ಅವಳಿಗೆ ಯಾವುದೋ ಅವಮಾನದಂತೆ ತಟ್ಟಿತು. ಕುಲುಮೆಯಿಂದ ಹಲ್ಲು ಆರಿ ಬಂದ ಮೇಲೆ ಕಚ್ಚು ಕೊರೆಯಲು ಕೈಮೆಷಿನ್ನು ಎತ್ತಿಕೊಂಡು ಸಣ್ಣ ಕಲ್ಲಿನ ಚಕ್ರ ತಾಗಿಸಿದಳು. ಅದೇ ಸದ್ದು, ಜೇನುಹುಳ ಗೋಡೆಯೊಳಗೆ ಸಿಕ್ಕಿಕೊಂಡಂಥದ್ದು, ಅಂಗೈಯಲ್ಲಿ ಅದೇ ನಡುಕ. ಅಂಗೈಗೆ ನೆನಪಾದದ್ದು ಆ ನಡುಕವಲ್ಲ, ಅದರ ಅಡಿಯಲ್ಲಿದ್ದ ಇನ್ನೊಂದು. ಕೈಗೆ ಎಲುಬೇ ತಾಗುವಷ್ಟು ಬಡಕಲಾಗಿದ್ದ ಜುಟ್ಟಯ್ಯನ ಎದೆ. ಮೊದಲ ಸಲ ಟವೆಲ್ಲಿನೊಳಗೆ ಕೈಗೆ ಸಿಕ್ಕದೆ ಒದ್ದಾಡಿದ ಗುಂಡು ಮೈ ನಾಲ್ಕನೆಯ ಸಲ ಎಲ್ಲಿ ಹೋಗಿತ್ತು? ಅದು ನಂಬಿಕೆಯಲ್ಲ. ಅದಕ್ಕೆ ಕಚ್ಚುವ ತ್ರಾಣ ಇರಲಿಲ್ಲ. ಅವಳು ಮೆಷಿನ್ನು ನಿಲ್ಲಿಸಿದಳು. ಟೈಲರ್ ಅದೇನೆಂದು ತಿಳಿಯದೆ, ಸಾಕು ಬಿಡು ತಾಯಿ, ಅಷ್ಟು ಆಳ ಸಾಕು ಎಂದು, ಹಲ್ಲು ಹಾಕಿಕೊಂಡು, ನೂಲು ಕೊಟ್ಟು ನೋಡಿದರು. ಟಕ್ಕೆಂದು ಕಡಿಯಿತು. ಕಡಿದ ನೂಲಿನ ತುಂಡನ್ನು ಬಹುಮಾನದ ಹಾಗೆ ಅವಳ ಅಂಗೈಯಲ್ಲಿಟ್ಟು ಹೋದರು.

ಲ್ಯಾಬಿನ ಹಿಂದಿನ ಓಣಿಯಲ್ಲಿ, ಒಡೆದ ಅಚ್ಚುಗಳ ರಾಶಿಯ ಪಕ್ಕ ನಿಂತು ಫೋನು ಮಾಡಿದಾಗ ಹನ್ನೆರಡೂವರೆ. ಬೆಳಿಗ್ಗೆ ಕಾಕಟೀಲ್ ಬಿಟ್ಟು ಹೋದವಳು ಎಂದಳು. ಡಾಕ್ಟರಮ್ಮ, ಹೇಳಿ, ಹಾಗೇ ಇದೆ ಎಂದರು. ಬೆಳಿಗ್ಗೆ ನಾನು ಸುಳ್ಳು ಹೇಳಿದೆ ಎಂಬ ವಾಕ್ಯವನ್ನು ಅವಳು ಓಣಿಗೆ ಬರುವ ಮುಂಚೆಯೇ ಬಾಯಿಪಾಠ ಮಾಡಿಕೊಂಡಿದ್ದಳು, ಹೊರಬಂದದ್ದು ಬೇರೆ. "ಡಾಕ್ಟ್ರೇ, ಕೊಕ್ಕು ನಾನೇ ಉಜ್ಜಿದ್ದು." ಆ ಕಡೆ ಯಾವುದೋ ನಾಯಿ ಬೊಗಳುತ್ತಿತ್ತು, ಬಾಗಿಲು ಮುಚ್ಚಿದ ಸದ್ದು, ನಾಯಿ ದೂರವಾಯಿತು. ಎಷ್ಟು ದಿನದಿಂದ ಎಂದರು. ಎಂಟು ವಾರ ಎಂದಳು. ಎಷ್ಟು ಸಲ? ಐದು ಸಲ. ಉಜ್ಜೋ ಮುಂಚೆ ಏನು ಬಣ್ಣ ಇತ್ತು? ಆಗ ಅವಳು, ಚೀಟಿ ಓದುವವಳಂತೆ ತಡವರಿಸದೆ ಹೇಳಿದಳು: ಮೊದಲು ಬುಡದಲ್ಲಿ ಮಾತ್ರ ಕಂದು, ಆಮೇಲೆ ಎಡಗಡೆ ನೇರಳೆ ಬೆರೆತ ಕಪ್ಪು, ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿದ ಥರ, ತುದಿ ತಿಂಗಳಲ್ಲಿ ಅರ್ಧ ಉಗುರಿನಷ್ಟು ಉದ್ದ, ಪದರ ಪದರವಾಗಿ ಏಳುತ್ತಿತ್ತು, ಪದರದ ಒಳಗೆ ಹಳದಿ. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದುದು ಪೆನ್ನಿನ ಸದ್ದಿನಿಂದ ತಿಳಿಯುತ್ತಿತ್ತು. ಬರೆದು ಮುಗಿಸಿ, "ಇಷ್ಟೆಲ್ಲ ನೋಡಿದೀರಿ, ಹಾಗಾದ್ರೆ" ಎಂದರು.

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಏನು ಹಾಕುತ್ತಿದ್ದಿರಿ ಎಂದು ಕೇಳಿದರು. ಸೂರ್ಯಕಾಂತಿ ಬೀಜ, ಹಿಡಿಗಟ್ಟಲೆ, ಎಂದಳು. ಅದು ಲಿವರ್, ಸೋಂಕಲ್ಲ, ಎಂದರು ಡಾಕ್ಟರಮ್ಮ. ಬರೀ ಎಣ್ಣೆಬೀಜ ತಿಂದರೆ ಈ ಹಕ್ಕಿಗಳ ಲಿವರಿಗೆ ಕೊಬ್ಬು ಕಟ್ಟುತ್ತೆ, ಆಗ ಕೊಕ್ಕು ಹೀಗೆ ಕಪ್ಪು ಕಂದು ತಿರುಗುತ್ತೆ, ಹುಚ್ಚುಹುಚ್ಚಾಗಿ ಬೆಳೆಯುತ್ತೆ. ಹಕ್ಕಿ ತನ್ನ ಕಾಯಿಲೆಯನ್ನ ಕೊನೇವರೆಗೂ ಬಚ್ಚಿಡುತ್ತೆ, ಕಾಡಿನಲ್ಲಿ ನರಳಿದ್ದನ್ನ ಬೇರೆಯವು ತಿಂದುಹಾಕುತ್ತವಲ್ಲ, ಅದಕ್ಕೆ. "ಕೊಕ್ಕು ಒಂದೇ ನಮಗೆ ಹೇಳೋದು. ಬೆಳಿಗ್ಗೆ ನಾನು ಅದನ್ನೇ ನೋಡಿದ್ದು." ಔಷಧಿ ಬದಲಾಯಿಸ್ತೀನಿ, ನೀವು ಕೆಲಸ ಮುಗಿಸಿ ಬನ್ನಿ, ಓಡಿಬಂದು ಮಾಡೋದೇನಿಲ್ಲ ಎಂದು ಇಟ್ಟರು. ಅವಳು ಓಣಿಯಲ್ಲೇ ನಿಂತಿದ್ದಳು. ಕಾಲ ಬಳಿ ಪ್ಲಾಸ್ಟರಿನ ಒಂದು ದವಡೆ ಬಾಯಿ ತೆರೆದು ಬಿದ್ದಿತ್ತು, ಯಾರದೋ, ಒಂದು ಹಲ್ಲಿಲ್ಲದ್ದು. ಅಕ್ಕನ ಚೀಟಿ ನೆನಪಾಯಿತು. ಚೀಟಿ ಓದೋಕೆ ಬರಲ್ವಾ ಎಂದು ಯಜಮಾನರು ಕೇಳಿದ್ದು ಯಾವ ಚೀಟಿಯನ್ನು?

ಮಧ್ಯಾಹ್ನದ ಆ ಮೂರು ಗಂಟೆಗಳಲ್ಲಿ ಅವಳು ಏನು ಕೆಲಸ ಮಾಡಿದಳೆಂದು ಕೇಳಿದರೆ ಹೇಳಲಾರಳು. ಒಂದಿಷ್ಟು ಹೊತ್ತು ಜುಟ್ಟಯ್ಯ ಬದುಕುತ್ತಿದ್ದ. ಅವಳು ಬೀಜದ ಡಬ್ಬಿಯನ್ನು ಬೀದಿಗೆ ಚೆಲ್ಲುತ್ತಿದ್ದಳು, ಸೊಪ್ಪು ತೊಳೆದು ಒರೆಸುತ್ತಿದ್ದಳು, ಅಕ್ಕ ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈ ಪಂಜರಕ್ಕೆ ಚಾಚುತ್ತಿದ್ದಳು. ಇನ್ನೊಂದಿಷ್ಟು ಹೊತ್ತು ಅವನು ಸತ್ತಿದ್ದ, ಆಗ ಅವಳ ಬುದ್ಧಿ ಬಹಳ ಚುರುಕಾಗಿ ಓಡುತ್ತಿತ್ತು. ಹೋದ ಗುರುವಾರ ಉಜ್ಜಿದ ಮೇಲೆ, ಬೆಳಕು ಚೆನ್ನಾಗಿದೆಯೆಂದು, ಬಗೆಬಗೆಯಾಗಿ ಕೂರಿಸಿ ತೆಗೆದ ಚಿತ್ರಗಳು ಫೋನಿನಲ್ಲಿ ಇನ್ನೂ ಹನ್ನೆರಡು ಉಳಿದಿದ್ದವು. ಅಕ್ಕನಿಗೆ ಇವತ್ತಿಗೆ ಮೂವತ್ತೊಂದು ವಾರ. ಉಳಿದದ್ದು ಒಂಬತ್ತು. ಹನ್ನೆರಡು ಸಾಕು, ಮಿಕ್ಕುತ್ತದೆ ಕೂಡ. ಕೂಸು ಕೈಗೆ ಬಂದ ಮೇಲೆ ಹೇಳಿದರೆ ದುಃಖ ಅರ್ಧವಾಗುತ್ತದೆ. ಇದು ಸುಳ್ಳಲ್ಲ, ವೈದ್ಯರೇ ಹೇಳಿದ ಪಥ್ಯ. ಹೀಗೆ ಯೋಚಿಸುತ್ತಿದ್ದಾಗ ಬೆಳಿಗ್ಗೆ ಬಾಯಿಂದ ಉದುರಿದ ಆ ಎರಡಕ್ಷರದ ರುಚಿಯೇ ಮತ್ತೆ ನಾಲಿಗೆಗೆ ಬಂತು, ಹೊಳಪು ಕೊಡುವ ಪುಡಿಯ ಹಾಗೆ, ರುಚಿಯೇ ಇಲ್ಲದ ರುಚಿ.

ನಾಲ್ಕೂವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಡಾಕ್ಟರಮ್ಮ ತಾವೇ ಹೊರಗೆ ಬಂದರು, ಅದರಲ್ಲೇ ತಿಳಿಯಿತು. ನಾಲ್ಕು ಗಂಟೆಗೆ ಹೋಯಿತು ಎಂದರು. ಬಿಸಿದೀಪದ ಕೆಳಗೇ ಇತ್ತು, ಒದ್ದಾಡಲಿಲ್ಲ. ಬೆಳಿಗ್ಗೆನೇ ಹೇಳಿದ್ದರೆ ಎಂದು ಅವಳು ಕೇಳಿದಳು, ಅರ್ಧದಲ್ಲೇ. ಡಾಕ್ಟರಮ್ಮ ಕೈಗವಸು ಬಿಚ್ಚುತ್ತ, ಈ ಸಲ ಅವಳ ಮುಖವನ್ನೇ ನೋಡುತ್ತ ಹೇಳಿದರು: "ಬೆಳಿಗ್ಗೆ ಹೇಳಿದ್ರೂ ಇಷ್ಟೇ. ಮೊದಲನೇ ಸಲ ಕಂಡಾಗ ತಂದಿದ್ರೆ, ಬಹುಶಃ ಬದುಕ್ತಿತ್ತು." ಅವಳಿಗೆ ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿ ಕೊಟ್ಟರು. ಲ್ಯಾಬಿನಿಂದ ಹಲ್ಲು ಕಳಿಸುವುದೂ ಇಂಥದೇ ಪೆಟ್ಟಿಗೆಯಲ್ಲಿ, ಇಂಥದೇ ಹತ್ತಿಯಲ್ಲಿ; ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆಸ್ಪತ್ರೆಯ ಹೊರಗೋಡೆಗೆ ಸೇರಿಸಿ ಹಾಕಿದ್ದ ಬೆಂಚಿನ ಮೇಲೆ, ಬೆಕ್ಕಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು ಎದ್ದು ಹೋದ ಜಾಗದಲ್ಲಿ, ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎದುರಿಗೆ ಒಂದು ನೀಲಿ ಗೇಟು. ಫೋನು ಗುಯ್‌ಗುಟ್ಟಿತು. ಅಕ್ಕ. ಎಂದೂ ಗುರುವಾರ ಅವಳಾಗಿ ಫೋನು ಮಾಡಿದವಳಲ್ಲ. ಹನ್ನೆರಡು ಚಿತ್ರಗಳು ಬೆರಳ ಕೆಳಗೇ ಇದ್ದವು. ಕರೆಯನ್ನು ಕತ್ತರಿಸಿ ಒಂದನ್ನು ಕಳಿಸಿ, ಕೆಲಸದಲ್ಲಿದೀನಿ ಎಂದು ಬರೆದರೆ ಮುಗಿಯಿತು. ಪೂರ್ತಿ ಗುಯ್‌ಗುಟ್ಟಿ ಇನ್ನೇನು ನಿಲ್ಲಬೇಕು, ಎತ್ತಿದಳು.

ಇವತ್ತು ಗುರುವಾರ ಅಲ್ವೇನೇ, ಕ್ಯಾಲೆಂಡರ್ ಕಾಯ್ತಿದೆ ಎಂದಳು ಅಕ್ಕ, ಮಲಗಿಯೇ ಮಾತಾಡುವವರ ದಪ್ಪಗಿನ ದನಿಯಲ್ಲಿ.  ಆ ಕಡೆ ಅಕ್ಕನ ಅತ್ತೆಮನೆಯ ಫ್ಯಾನು ತಿರುಗುವ ಕಟಕಟ ಸದ್ದು ಕೇಳಿಸುತ್ತಿತ್ತು. "ಅಕ್ಕ, ಜುಟ್ಟಯ್ಯ ಹೋದ ಕಣೇ" ಎಂದಳು. ಫ್ಯಾನು ಹಾಗೇ ತಿರುಗಿತು. ಅಕ್ಕನ ಉಸಿರನ್ನು ಎಣಿಸುತ್ತ, ಆ ಉಸಿರಿನ ಕೆಳಗೆ ಇನ್ನೊಂದು ಉಸಿರಿದೆಯೇನೋ ಎಂಬಂತೆ ಫೋನನ್ನು ಕಿವಿಗೆ ನೋಯುವಷ್ಟು ಒತ್ತಿಕೊಂಡು ಅವಳು ಕಾದಳು.

"ಯಾವಾಗ?"

"ಈಗ. ನಾಲ್ಕು ಗಂಟೆಗೆ. ಅಕ್ಕ, ನೀನು ಎದ್ದು ಕೂತ್ಕೋಬೇಡ."

ಮಲಗೇ ಇದೀನಿ, ಕೈ ಹೊಟ್ಟೆ ಮೇಲಿದೆ, ಒದೀತಿದೆ, ನೀನು ಹೇಳು ಎಂದಳು ಅಕ್ಕ. ಅವಳು ಹೇಳಿದಳು. ಬೀಜದಿಂದ ಶುರುಮಾಡಿ, ಕಂದಿನಿಂದ, ಕೈಮೆಷಿನ್ನಿನಿಂದ, ಎಲ್ಲಿಂದಲೋ ಶುರುಮಾಡಿ ಎಲ್ಲಿಗೋ ಹೋದಳು. ನಡುವೆ ಒಂದು ಕಡೆ ಅಕ್ಕ ತಡೆದಳು.

"ಗೊತ್ತು ಕಣೇ. ಆರು ವರ್ಷ ಸಾಕಿದೀನಿ. ಅವನ ಕೊಕ್ಕು ಯಾವತ್ತು ಹೊಳೀತಿತ್ತು?"

ನೀಲಿ ಗೇಟಿನಿಂದ ಯಾರೋ ಸೈಕಲ್ಲು ತಳ್ಳಿಕೊಂಡು ಹೊರಗೆ ಬಂದರು, ಗೇಟು ಮುಚ್ಚಿದರು, ಚಿಲಕ ಹಾಕಿದರು. ಮದುಮಗನ ಹಾಗೆ ಹೊಳೀತಿದ್ದಾನೆ. ಅದು ಮೆಚ್ಚುಗೆಯಾಗಿರಲಿಲ್ಲ, ಬೆಳಿಗ್ಗೆ ಹಲ್ಲುಜ್ಜುತ್ತ, ಏನೂ ಆಗದವಳ ಹಾಗೆ, ಕೇಳಿದ ಪ್ರಶ್ನೆಯಾಗಿತ್ತು. ಅವಳ ಗಂಟಲಿನಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. ಮತ್ತೆ ಯಾಕೆ ಕೇಳಲಿಲ್ಲ ನೀನು, ಒಂದು ಸಲ ಕೇಳಿದ್ದರೆ, ಎಂಟು ವಾರ ಇತ್ತಲ್ಲ ಅಕ್ಕ ಎಂದಳು.

 ಅಕ್ಕ ಅಳುತ್ತಿದ್ದಳೋ, ಹೊಟ್ಟೆಯ ಮೇಲಿನ ಕೈಯನ್ನು ಅತ್ತಿತ್ತ ಆಡಿಸುತ್ತಿದ್ದಳೋ.

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ" ಎಂದಳು.

ಕಂ‌ಬಳಿಯ ಆ ಕಡೆ ಕಿವಿಗೆ ಬೆರಳು ತುರುಕಿಕೊಂಡು ಮಲಗಿದ್ದ ಹತ್ತು ವರ್ಷದ ಹುಡುಗಿಯೂ, ಈ ಕಡೆ ಕಣ್ಣು ಬಿಟ್ಟುಕೊಂಡು ಪೂರ್ತಿ ಕೇಳಿದ ಏಳು ವರ್ಷದವಳೂ ಈಗ ಒಟ್ಟಿಗೇ ಸುಮ್ಮನಿದ್ದರು. ನಡುವೆ ಅಜ್ಜಿ ಇರಲಿಲ್ಲ, ಪೆಟ್ಟಿಗೆ ಇತ್ತು. ಅದಕ್ಕೇನು ಗೊತ್ತು ಪಾಪ. ಅದಕ್ಕೆ ಅದರ ಹಸಿವು ಗೊತ್ತು.

ನಿನ್ನ ಹತ್ತಿರಾನೇ ಇದಾನಾ ಎಂದು ಅಕ್ಕ ಕೇಳಿದಳು. ಹೂಂ, ಮಡಿಲಲ್ಲಿ ಎಂದಳು. ಮುಚ್ಚಳ ತೆಗಿ ಎಂದಳು ಅಕ್ಕ. ತೆಗೆದಳು.

"ಈಗ ಯಾವ ಬಣ್ಣ ಇದೆ, ಕೊಕ್ಕು? ಸರಿಯಾಗಿ ನೋಡಿ ಹೇಳು. ಹಾರಿಹೋಯ್ತು ಅನ್ನಬೇಡ."

ಅವಳು ಮೊದಲು ಕಣ್ಣೆತ್ತಿ ಆ ನೀಲಿ ಗೇಟನ್ನು ನೋಡಿದಳು. ಕಣ್ಣಿನಲ್ಲಿ ತುಂಬಿದ್ದು ಇಳಿದು, ಗೇಟಿನ ಕಂಬಿಗಳು ಒಂದೊಂದಾಗಿ ಬೇರೆಬೇರೆಯಾಗುವವರೆಗೂ ನೋಡಿದಳು. ಆಮೇಲೆ ಬಗ್ಗಿ ಹತ್ತಿಯ ಮೇಲಿದ್ದುದನ್ನು ನೋಡಿದಳು. ಹೋದ ಗುರುವಾರದ ಹೊಳಪಿನ ಅಡಿಯಿಂದ ಅದು ಮತ್ತೆ ಮೇಲೆದ್ದು ಬಂದಿತ್ತು. ಒಂದು, ಎರಡು, ಮೂರು, ನಾಲ್ಕು.

"ಬುಡದಿಂದ ಹೇಳ್ತೀನಿ" ಎಂದಳು.